ದವಡಿ ನೋಡು

ಮೂರನೆಯ ಸಲವೂ ನನ್ನ ಕನ್ನಡಿಕಡ್ಡಿಯನ್ನು ಕಚ್ಚಿ ಹಿಡಿದರು
ನಬೀಲಾಲ ಚಾಚಾ,
ವಿಜಾಪುರದ ಸ್ಟೇಶನ್ ರೋಡಿನಲ್ಲಿ ನಲವತ್ತು ವರ್ಷ
ಟಾಂಗಾ ಹೊಡೆದವರು.
ಈಗ ಸ್ಟೇಶನ್ ಯಾವ ಕಡೆಗೆಂದು ಮರೆತಿದೆ.
ಮಗಳು ರಾಬಿಯಾ ಒಮ್ಮೆ ಅಮ್ಮಿ, ಒಮ್ಮೆ ಪೊಲೀಸು.

ಅವಳ ಚೀಲದಲ್ಲಿ ಮಾತ್ರೆಯ ಚೀಟಿಗಳು:
ಮರೆವಿಗೊಂದು, ಸಿಟ್ಟಿಗೊಂದು,
ನಿದ್ದೆಗೆ ಒಂದಿದ್ದದ್ದು ಈಗ ಎರಡು.
"ರೊಟ್ಟಿ ಅಗದು ಅಗದು ಉಂಡಿ ಮಾಡಿ ಉಗುಳ್ತಾರ್ರಿ,
ಗಲ್ಲಕ್ಕ ತಾವ ಹೊಡಕೋತಾರ.
ನುಂಗೂದ ಮರತಾರ, ಇನ್ನ ಹಿಂಗ, ಅಂದ್ರು ದೊಡ್ಡ ಡಾಕ್ಟ್ರು."

ನನ್ನ ಐದು ವರ್ಷದ ಓದಿನಲ್ಲಿ
ಇಂಥವರ ಬಾಯಿಗೆ ಸಿಕ್ಕಿದ್ದು ಒಂದೇ ಮಧ್ಯಾಹ್ನ,
ಅದೂ ಕರೆಂಟು ಹೋಗಿತ್ತು.
ಹಿಡಿಯಲು ಇಬ್ಬರು, ಹಲ್ಲಿನ ನಡುವೆ ರಬ್ಬರಿನ ತುಂಡು,
ಬೇಗ ಮುಗಿಸಿರಿ. ಅಷ್ಟು ನೆನಪು.

ತುಂಡು ಟ್ರೇಯಲ್ಲೇ ಇತ್ತು.
ಅದನ್ನು ಕಂಡದ್ದೇ ಅವರು ಕುತ್ತಿಗೆ ಹಿಂದಕ್ಕೆಳೆದ ರೀತಿ
ನಾನು ಎಲ್ಲೋ ನೋಡಿದ್ದೆ,
ಕಡಿವಾಣ ಕಂಡ ಎಳೆಗುದುರೆಯಲ್ಲಿ.
ಡ್ರಾವರಿಗೆ ಹಾಕಿದೆ. ದೀಪ ಆರಿಸಿದೆ.
ಸ್ಟೂಲು ಎಳೆದು ಅವರಿಗಿಂತ ತಗ್ಗಿಗೆ ಕೂತೆ.

"ಚಾಚಾ, ಕುದುರಿ ವಯಸ್ಸು ಹೆಂಗ ತಿಳೀತೈತಿ?"

ಹೊರಗೆ ಮುಂದಿನ ಪೇಶಂಟು ಕೆಮ್ಮಿದ, ಎರಡು ಸಲ.
ಆಮೇಲೆ ಆ ಕೈ ಬಂತು,
ಬೆರಳ ಗಂಟಿನಲ್ಲಿ ಲಗಾಮಿನ ಹಳೆಯ ಜಡ್ಡು,
ನನ್ನ ಗದ್ದ ಹಿಡಿಯಿತು.
ಹೆಬ್ಬೆರಳು ತುಟಿಯ ಮೂಲೆಯೊಳಗೆ.
ಕುದುರೆಗೆ ಅಲ್ಲಿ ಹಲ್ಲಿರುವುದಿಲ್ಲ, ಬರೀ ವಸಡು,
ಒತ್ತಿದರೆ ತಾನೇ ಬಾಯಿ ಬಿಡುತ್ತದೆ.
ನನಗೆ ಅಲ್ಲಿ ಹಲ್ಲಿದೆ. ಆದರೂ ಬಿಟ್ಟೆ.

ಹದಿನಾಲ್ಕು ವರ್ಷದಿಂದ ಬೇರೆಯವರ ಬಾಯಿ ನೋಡುತ್ತಿದ್ದೇನೆ,
ನನ್ನ ಬಾಯಿಯನ್ನು ಯಾರೂ ಹೀಗೆ,
ಇಷ್ಟು ಸಾವಕಾಶ ನೋಡಿರಲಿಲ್ಲ.
ಕಿಟಕಿಯ ಕಡೆಗೆ ತಿರುಗಿಸಿದರು. ಎಣಿಸಿದರು.
"ನಡಬರಕಿನ ಕಪ್ಪು ಸವದೈತಿ. ಮೂಲೀದು ಇನ್ನೂ ಐತಿ.
ಏಳು. ಎಂಟು ತುಂಬಿಲ್ಲ.
ಮಾರಾವ ಐದ ಅಂದಿರ್ತಾನ, ನಂಬಬ್ಯಾಡ."

ರಾಬಿಯಾ ದುಪಟ್ಟಾದಲ್ಲಿ ಬಾಯಿ ಮುಚ್ಚಿ ನಕ್ಕಳು.
ನಗು ಅರ್ಧಕ್ಕೇ ನಿಂತಿತು,
ಚಾಚಾ ಇನ್ನೂ ಹೇಳುತ್ತಿದ್ದರು:

"ಚಂಪಾ ಹುಲ್ಲು ಉಂಡಿ ಮಾಡಿ ಉಗುಳ್ತಿದ್ಲು.
ಎಲ್ಲಾರೂ ಅಂದ್ರು ಸೊಕ್ಕು, ಚಾಬೂಕ ತಗೋ.
ಸೊಕ್ಕಲ್ಲ ಅದು. ದವಡಿ ನೋಡು.
ಹಲ್ಲಿನ ಅಂಚು ಬ್ಲೇಡ ಆಗಿರ್ತೈತಿ, ಗಲ್ಲಾ ಕೊಯ್ತೈತಿ.
ಮೂಕ ಪ್ರಾಣಿ, ಏನಂತ ಹೇಳೀತು?"

ಅಷ್ಟು ಹೇಳಿ
ತಾವೇ ಬಾಯಿ ತೆರೆದರು.

ಎಡಗಡೆ, ಕೆಳಗೆ, ಹಿಂದಿನಿಂದ ಎರಡನೆಯದು.
ಅರ್ಧ ಮುರಿದ ಹಲ್ಲು, ಉಳಿದರ್ಧ ಒಡೆದ ಗಾಜಿನ ಚೂಪು.
ಪಕ್ಕದಲ್ಲಿ ನಾಲಗೆಯ ಅಂಚಿಗೆ ಬಿಳಿಚಿದ ಹುಣ್ಣು,
ಗಲ್ಲದ ಒಳಮೈಗೆ ಇನ್ನೊಂದು.
ಎಷ್ಟು ತಿಂಗಳು? ಎಷ್ಟು ರೊಟ್ಟಿ?
ನಿದ್ದೆಯ ಎರಡನೆಯ ಮಾತ್ರೆ
ಯಾವ ಹುಣ್ಣಿಗೆ ಬರೆದದ್ದು?

ಮಶೀನು ಹಚ್ಚಲಿಲ್ಲ, ಅದರ ಕಿರುಚಾಟ ಬೇಡ.
ಎಲುಬು ಉಜ್ಜಲು ಇಟ್ಟುಕೊಂಡ ಸಣ್ಣ ಅರ ತೆಗೆದೆ.
ಅರ ಕಂಡು ಚಾಚಾ ಅಂಜಲಿಲ್ಲ,
ಬಾಯಿ ತುಂಬ ಬೆರಳಿದ್ದರೂ ಹೇಳಿಕೊಟ್ಟರು:
ಎಳೀಬ್ಯಾಡ, ತಳ್ಳು.
ಮೂರು ಉಜ್ಜು, ಒಂದು ಬಿಡುವು.
ಬಿಡುವಿನಲ್ಲಿ ನಾಲಗೆಯಿಂದ ಟ್ಲಕ್ ಟ್ಲಕ್ ಸಪ್ಪಳ.
ನಿಲ್ಲಲೋ? ನಾನು ರಾಬಿಯಾಳ ಕಡೆ ನೋಡಿದೆ.
"ನಡಿ ಅಂತಾರ್ರಿ," ಅಂದಳು,
ಕಣ್ಣು ಒರೆಸಿಕೊಂಡಳು, ಅದೇ ದುಪಟ್ಟಾದಲ್ಲಿ.

ಹತ್ತು ದಿನ ಗಂಜಿ ಕೊಡು, ಹುಣ್ಣು ಮಾಯಲಿ,
ಆಮೇಲೆ ರೊಟ್ಟಿ ನೋಡೋಣ, ಅಂದೆ.
ಮಾತ್ರೆಯ ಬಗ್ಗೆ ದೊಡ್ಡ ಡಾಕ್ಟರಿಗೆ
ಒಂದು ಚೀಟಿ ಬರೆದೆ. ಮೊದಲ ಚೀಟಿ ಹರಿದೆ,
ಸಿಟ್ಟಿನಲ್ಲಿ ಬರೆದದ್ದು.

ಹೋಗುವಾಗ ಚಾಚಾ ಅಂಗಿಯ ಜೇಬು ತಡಕಿ
ನೂಲೆಳೆ ಅಂಟಿದ ಬೆಲ್ಲದ ಚೂರು ತೆಗೆದರು.
ಅಂಗೈ ಚಪ್ಪಟೆ ಮಾಡಿ, ಬೆರಳು ಕೆಳಗೆ ಬಾಗಿಸಿ,
ಕಚ್ಚಬಾರದಲ್ಲ,
ನನ್ನ ಬಾಯಿಯ ಹತ್ತಿರ ಹಿಡಿದರು.

ಗೋಡೆಯ ಮೇಲೆ ನಾನೇ ಅಂಟಿಸಿದ ಚಿತ್ರವಿದೆ,
ಸಿಹಿಯ ಮೇಲೆ ಕೆಂಪು ಗೀಟು.
ತಲೆ ಬಗ್ಗಿಸಿ ತಿಂದೆ.