ಎರಡು ರೂಪಾಯಿಯಷ್ಟು ಆಟ

ಲಿಂಗರಾಜಪುರದ ಮೇಲ್ಸೇತುವೆಯ ಏರಲ್ಲಿ
ಎಂಜಿನ್ ಅರಚಿತು, ಗಾಡಿ ಅಲ್ಲೇ.
ಬೆನ್ನಿಗೆ ನಲವತ್ತು ಕೇಜಿ ದೋಸೆಹಿಟ್ಟು,
ಅದರ ಬೆನ್ನಿಗೆ ಬಿಎಂಟಿಸಿಯ ಹಾರನ್ನು.
ಸೀದ ವಾಸನೆ. ಹಾಲಿನದಲ್ಲ,
ಸುಟ್ಟ ಬಿರಡೆಯದು.

ಚೌರಪ್ಪ ಮೊದಲು ಏನನ್ನೂ ಬಿಚ್ಚಲಿಲ್ಲ.
ಲಿವರನ್ನು ಒಂದೇ ಬೆರಳಲ್ಲಿ ಅಲ್ಲಾಡಿಸಿದ:
"ಎರಡು ರೂಪಾಯಿ ನಾಣ್ಯದಷ್ಟು ಆಟ ಇರಬೇಕು,
ಇಲ್ಲಿ ಉಸಿರಾಡೋಕೂ ಜಾಗ ಇಲ್ಲ."
ಕೇಬಲ್ ಸಡಿಲಿಸಿದ. ಒಂದು ಸುತ್ತು ಹೋಗಿ ಬಂದೆ.
ಮೂರನೇ ಗೇರಲ್ಲಿ ಮತ್ತೆ ಅದೇ ಅಳು.

ಆಮೇಲೆ ಆಯಿಲ್ ಮುಟ್ಟಿ, ಬೆರಳಿಗೆ ಬೆರಳುಜ್ಜಿ
"ಇದನ್ನ ಹಾಕಿದ್ಯಾರು?" ಅಂದ.
ನಮ್ಮ ಮೈದುನ, ಟ್ಯಾಕ್ಸಿ ಓಡಿಸೋನು.
ಕಾರಿಗೆ ತಂದದ್ದು ಉಳಿದಿತ್ತಂತೆ,
ಚೆಲ್ಲೋದು ಯಾಕೆ ಅಂತ.
ಚೌರಪ್ಪ ನಗಲಿಲ್ಲ. ತಲೆಯೆತ್ತಿ ಆಕಾಶ ನೋಡಿದ.
ಅಲ್ಲಿ ಇಂಟರ್ನೆಟ್ಟಿನ ವೈರುಗಳಷ್ಟೇ ಇದ್ದವು.

ಕವರ್ ಬಿಚ್ಚಿದರೆ, ಒಂದೊಂದು ಪ್ಲೇಟೂ
ಸವೆದು ಹಪ್ಪಳ; ನಡುವಿನ ಉಕ್ಕು
ಮೂಕೇಟು ತಿಂದಂತೆ ನೀಲಿಗಟ್ಟಿತ್ತು.
"ಇವಕ್ಕೆ ನಯ ವಿನಯ ಆಗಿಬರಲ್ಲ ಅಮ್ಮಾ,
ಕಚ್ಚಾಡಬೇಕು."
ಹೊಸ ಪ್ಲೇಟುಗಳನ್ನು ಸರಿಯಾದ ಆಯಿಲಲ್ಲಿ ನೆನೆಹಾಕಿದ,
ನಾನು ರಾತ್ರಿ ಉದ್ದು ನೆನೆಹಾಕುವ ಹಾಗೆ.
ಸ್ಪ್ರಿಂಗು ನಾಲ್ಕು, ಗ್ಯಾಸ್ಕೆಟ್ಟು ಒಂದು.
ಬಿಲ್ಲು ಸಾವಿರದ ಮುನ್ನೂರೈವತ್ತು;
ಐವತ್ತು ಬಿಟ್ಟ, ಒಂದು ಪ್ಯಾಕೆಟ್ ಹಿಟ್ಟಿಗೆ.

ಮಾರನೇ ಸಂಜೆ ಅದೇ ಏರು.
ಎಡಗೈಯ ಎರಡು ಬೆರಳು, ಯಾರೂ ಹೇಳದೆ,
ಲಿವರಿನ ಮೇಲೆ ಹೋಗಿ ಕೂತಿದ್ದವು.
ತೆಗೆದೆ. ಗಾಡಿ ಹತ್ತಿತು,
ಹಿಟ್ಟು ಕುಲುಕಲಿಲ್ಲ.
ನೆತ್ತಿ ಮುಟ್ಟಿ ನೋಡುತ್ತೇನೆ,
ಮತ್ತೆ ಅಲ್ಲೇ ಇವೆ.