ಚಿಪ್ಪಿನ ಟೋಪಿ

ಮನೆಯ ಕೀಲಿಯ ಜೊತೆ ನಿನ್ಫಾ ಅಜ್ಜಿ
ಒಂದು ಗಿಡವನ್ನೂ ನನ್ನ ಕೈಗೆ ಹಾಕಿ ಹೋದಳು.
ಪಲೆರ್ಮೋದ ಈ ಮೂರನೇ ಮಹಡಿಯಲ್ಲಿ
ಅಡಿಗೆಮನೆಗಿಂತ ದೊಡ್ಡದು ಬಾಲ್ಕನಿ,
ಬಾಲ್ಕನಿಯ ಅರ್ಧ ನುಂಗಿದ್ದು ಅದರ ಕುಂಡ.
ದೇವಕಣಗಿಲೆ. ಇಲ್ಲಿಯವರ ಬಾಯಲ್ಲಿ ಪೊಮೇಲಿಯಾ.
ಬಾಡಿಗೆ ಹಂಚಿಕೊಳ್ಳುವವಳನ್ನು ಪರಿಚಯಿಸುವ ಹಾಗೆ
ಹೆಸರು ಹೇಳಿದಳು, ನನ್ನ ಹೆಸರನ್ನು ಅದಕ್ಕೂ.

ಬೇಸಿಗೆಯಲ್ಲಿ ನೀರು, ಸಂಜೆ, ಬುಡಕ್ಕೆ ಮಾತ್ರ.
ನವೆಂಬರ್ ಬಂತೋ, ಒಂದು ಹನಿಯೂ ಬೇಡ.
ಎಲೆ ಉದುರಿದರೆ ಹೆದರಬೇಡ, ಅದು ನಿದ್ದೆ.
ಮರೆಯಬೇಡ, ಕೊಂಬೆಯ ತುದಿತುದಿಗೂ
ಮೊಟ್ಟೆಯ ಚಿಪ್ಪು ತೊಡಿಸು, ಟೋಪಿಯ ಹಾಗೆ.
ಚಳಿ ಒಳಗೆ ಬರುವುದು ತುದಿಯಿಂದ.
ಇಷ್ಟು ಹೇಳಿ ಮಗಳಿರುವ ಟುರಿನ್ನಿಗೆ
ರೈಲು ಹತ್ತಿದಳು.

ನಾನು ನಕ್ಕೆ.
ಬೇಕರಿಯವನು ನಾನು, ರಾತ್ರಿ ಎರಡಕ್ಕೆ ಏಳುವವನು,
ಬೆಳಕು ಹರಿಯುವುದರೊಳಗೆ ಇನ್ನೂರು ಮೊಟ್ಟೆ ಒಡೆದು
ಚಿಪ್ಪನ್ನೆಲ್ಲ ಚೀಲಕ್ಕೆ ತುಂಬಿ ಬೀದಿಗಿಡುವವನು.
ಕಸವನ್ನು ಗಿಡದ ತಲೆಗೆ ಹಾಕುವುದೆ?

ಜನವರಿಯ ಒಂದು ರಾತ್ರಿ ಬೆಟ್ಟದ ಕಡೆಯಿಂದ ಗಾಳಿ ಇಳಿಯಿತು.
ಕೆಲಸ ಮುಗಿಸಿ ಬಂದು ನೋಡುತ್ತೇನೆ,
ಒಂಬತ್ತರಲ್ಲಿ ಮೂರು ತುದಿ ಕಪ್ಪು,
ಮುಟ್ಟಿದರೆ ಕಳಿತ ಬಾಳೆಹಣ್ಣಿನಷ್ಟು ಮೆತ್ತಗೆ.
ಬ್ರೆಡ್ಡಿನ ಚಾಕು ತಂದೆ, ಮನೆಯಲ್ಲಿ ಬೇರೆ ಇರಲಿಲ್ಲ.
ಬಿಳಿ ಹಾಲು ಒಸರುವ ತನಕ
ಕೊಯ್ಯುತ್ತಾ ಕೊಯ್ಯುತ್ತಾ ಕೆಳಗಿಳಿದೆ.
ಎದುರು ಬಾಲ್ಕನಿಯಲ್ಲಿ ಪ್ರೊವಿದೆಂತ್ಸಾ
ಬಟ್ಟೆ ಹರವುತ್ತಿದ್ದಳು, ಬಾಯಲ್ಲಿ ಎರಡು ಕ್ಲಿಪ್ಪು.

ಭಾನುವಾರ ಫೋನು.
ಹೇಗಿದ್ದಾಳೆ?
ಚೆನ್ನಾಗಿದ್ದಾಳೆ.
ಟೋಪಿ?
ಹಾಕಿದ್ದೇನೆ.
ಆಮೇಲೆ ಟುರಿನ್ನಿನ ಮಂಜಿನ ಬಗ್ಗೆ ಮಾತಾಡಿದೆವು.

ಕೊಯ್ದ ಕಡೆಯೆಲ್ಲ ಎರಡೆರಡು ಕವಲು ಒಡೆದವು,
ನಾನು ಹೇಳಿದ ಸುಳ್ಳಿನ ಹಾಗೆಯೇ.
ಹೂವು ಬಂದದ್ದು ಮರುವರ್ಷ ಜುಲೈಯಲ್ಲಿ.
ಬಿಳಿ, ಒಳಗೆ ಹಳದಿ,
ಮೊಟ್ಟೆಯ ಲೋಳೆಯನ್ನು ಯಾರೋ ಕಿರುಬೆರಳಲ್ಲಿ ಸವರಿದಂತೆ.
ವಾಸನೆ ಹೇಗಿದೆ ಎಂದು ಕೇಳಿದಳು.
ಇದೆ, ಅಂದೆ. ಇನ್ನೇನು ಹೇಳಲಿ,
ಇಡೀ ದಿನ ವೆನಿಲಾದಲ್ಲಿ ನೆಂದ ಮೂಗು ನನ್ನದು.
ಮಾತು ನಿಂತಲ್ಲಿ ಬಾಯಿ ತಪ್ಪಿ ಬಂತು:
ಅಜ್ಜೀ, ಆ ಮೊದಲ ಚಳಿಗಾಲ...

ಮೂರು ತುದಿ, ಅಂದಳು.
ಪ್ರೊವಿದೆಂತ್ಸಾ ಅವತ್ತೇ ಫೋನು ಮಾಡಿದ್ದಳು,
ನೀನಿನ್ನೂ ಚಾಕು ಒರೆಸಿರಲಿಲ್ಲವಂತೆ.

ಆ ಕಡೆ ಟ್ರಾಮೊಂದು ಹಾದುಹೋಯಿತು.
ನನ್ನ ಕೈಯಲ್ಲಿ ಐದು ಹೋಗಿದ್ದವು, ಅಂದಳು,
ಮದುವೆಯಾದ ವರ್ಷ. ಅತ್ತೆಯ ಗಿಡ.
ಬೆಕ್ಕು ಮುರಿಯಿತು ಎಂದುಬಿಟ್ಟೆ.
ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಕಿತ್ತಳೆಯ ಲಾರಿಯೊಂದು ಉತ್ತರಕ್ಕೆ ಹೊರಟಿತ್ತು.
ಹನ್ನೆರಡರಲ್ಲಿ ಒಂದು ಕೊಂಬೆ ಕಡಿದು,
ಹಾಲು ನಿಂತ ಮೇಲೆ ಪತ್ರಿಕೆಯಲ್ಲಿ ಸುತ್ತಿ ಕಳಿಸಿದೆ.
ತಲುಪಿದ ಕೂಡಲೇ ನೆಡಬೇಡ,
ಗಾಯ ಒಣಗಲಿ, ಎರಡು ವಾರವಾದರೂ,
ಎಂದು ಅವಳಿಗೇ ಪಾಠ ಒಪ್ಪಿಸಿದೆ.
ಹೌದಾ, ಹೌದಾ, ಎಂದು ಕೇಳಿಸಿಕೊಂಡಳು,
ಮೊದಲ ಸಲ ಕೇಳುವವಳ ಹಾಗೆ.

ಈಗ ನವೆಂಬರ್. ರಾತ್ರಿ ಮೂರಕ್ಕೆ
ಜಿಸುವಾಲ್ಡೋ ಓವನ್ನಿನ ಕಡೆಯಿಂದ ಬೈಯುತ್ತಾನೆ,
ಕೈಗೇನಾಗಿದೆ ನಿನಗೆ?
ನೂರ ಎಂಬತ್ತೊಂಬತ್ತು ಮೊಟ್ಟೆ ಒಂದೇ ಏಟಿಗೆ, ನಡುವಿಗೆ.
ಉಳಿದ ಹನ್ನೊಂದು, ಚಮಚದ ಹಿಂಬದಿಯಿಂದ,
ತುದಿಗೆ ಮಾತ್ರ, ಬಾಗಿಲು ತಟ್ಟಿದ ಹಾಗೆ.
ತೊಳೆದು, ಒರೆಸಿ, ಏಪ್ರನ್ನಿನ ಜೇಬಿಗೆ ಇಳಿಸಿ,
ಮೂರು ಮಹಡಿ
ಗೋಡೆಗೆ ಎಲ್ಲೂ ತಾಗದೆ ಹತ್ತುತ್ತೇನೆ.