ನಾಲ್ಕನೇ ಸ್ಯಾಂಪಲ್

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಿಂದ ಬಂದ ಮೂಟೆ ಬಿಚ್ಚಿ
ಅಮ್ಮಿ ಮೊದಲು ಆರಿಸುವುದು ಜೋಡಿಗೂಡು.
ಎರಡು ಹುಳು ಸೇರಿ ಕಟ್ಟಿದ್ದು,
ಎಳೆಗೆ ಎಳೆ ತೊಡರಿ ಬಿಚ್ಚಲು ಬಾರದ್ದು,
ಚರಕಕ್ಕೆ ದಂಡ.
"ನಿನ್ನ ಓದಿಗೆ ಇದೇ ಸಾಕು, ಹೆಂಗೂ ಕರಗಿಸ್ತೀಯ."

ಕರಗಿಸುತ್ತೇನೆ.
ಕತ್ತರಿಯಲ್ಲಿ ಸೀಳಿ, ಹುಳು ಕೊಡವಿ,
ಸೋಡಾ ನೀರಲ್ಲಿ ಕುದಿಸಿ ಗೋಂದು ಕಳೆದು,
ಉಪ್ಪಿನ ದ್ರಾವಣದಲ್ಲಿ ತಾನು ಎಳೆಯೆಂಬುದನ್ನೇ ಮರೆಸಿ,
ಮೂರು ದಿನ ನೀರು ಬದಲಿಸಿ ಬದಲಿಸಿ
ಉಪ್ಪನ್ನು ಹೊರಗೆ ಕರೆದು
ಗಾಜಿನ ತಟ್ಟೆಗೆ ಸುರಿದು ಅಟ್ಟದ ಮೇಲಿಡುತ್ತೇನೆ,
ಇರುವೆ ಬಾರದ ಹಾಗೆ ಸುತ್ತ ಅರಿಶಿನದ ಗೆರೆ ಎಳೆದು.
(ಅರಿಶಿನದ ಮಾತು ಪ್ರಬಂಧದಲ್ಲಿಲ್ಲ.)

ಒಣಗಿದ ಮೇಲೆ ತಟ್ಟೆಯಿಂದ ಎದ್ದು ಬರುತ್ತದೆ
ಈರುಳ್ಳಿಯ ಒಳಪೊರೆಯಂಥ ಹಾಳೆ.
ಕಿಲೋಮೀಟರ್ ಉದ್ದವಿದ್ದ ಎಳೆಗೆ
ಈಗ ತುದಿಯೇ ಇಲ್ಲ.

ಆ ಸಲ ಎಂಟು ಹಾಳೆ. ನಾನು ಕೈಗವಸು ಹುಡುಕುವಷ್ಟರಲ್ಲಿ
ಅಮ್ಮಿ ನಾಲ್ಕನೆಯದನ್ನು ಎತ್ತಿ
ಹೆಬ್ಬೆರಳಲ್ಲಿ ಒತ್ತಿ, ಬೆಳಕಿಗೆ ಹಿಡಿದೂ ಆಗಿತ್ತು.
"ಎಷ್ಟು ಡೆನಿಯರ್ ಇದು?"
ಇದಕ್ಕೆ ಡೆನಿಯರ್ ಇಲ್ಲ ಅಮ್ಮಿ, ಮೈಕ್ರಾನ್.
"ಹಂಗಾದ್ರೆ ಮಾರೋದು ಹೆಂಗೆ?"

ಇನ್ನೊಂದು ಮಾಡಲು ಜೋಡಿಗೂಡು ಉಳಿದಿರಲಿಲ್ಲ,
ಬೀಮಿನ ಸರದಿ ಕಾಯುವುದಿಲ್ಲ.
ಅಂಚೆಚೀಟಿಯಷ್ಟು ಚೌಕ ಕತ್ತರಿಸಿ
ಎರಡು ರಾತ್ರಿ ದೆಹಲಿಯ ರೈಲಿನಲ್ಲಿ
ತೊಡೆಯ ಮೇಲೆ ಟಿಫಿನ್ ಡಬ್ಬಿ, ಡಬ್ಬಿಯಲ್ಲಿ ಹತ್ತಿ,
ಹತ್ತಿಯಲ್ಲಿ ಅವು.
ಏನಮ್ಮ ಚಪಾತಿನಾ, ಅಂದರು ಎದುರಿನವರು.

ಅಲ್ಲಿ ಗಾಳಿಯಿಲ್ಲದ ಕೋಣೆಯಲ್ಲಿ ತಾಮ್ರದ ಏಣಿ,
ಮೆಟ್ಟಿಲಿಗೊಂದೊಂದು ಹಾಳೆ.
ಹತ್ತು ಕೋಟಿ ಎಲೆಕ್ಟ್ರಾನ್ ವೋಲ್ಟಿನ ಬೆಳ್ಳಿ ಅಯಾನು.
"ರೇಷ್ಮೆಗೆ ಬೆಳ್ಳಿ ಹಾಕೋದು ಜರಿಯವರ ಕೆಲಸ"
ಫೋನಿನಲ್ಲಿ ಅಮ್ಮಿ ನಕ್ಕಳು.
ಈ ಬೆಳ್ಳಿ ನಿಲ್ಲುವುದಿಲ್ಲ. ತೂರಿ ಹೋಗುತ್ತದೆ.
ಹೋದ ದಾರಿಯಲ್ಲಿ
ಯಾವ ಸೂಜಿಯೂ ಹೊಲಿಯಲಾರದಷ್ಟು ಸಣ್ಣ ಸುಟ್ಟ ಕೊಳವೆ;
ಅಕ್ಕಪಕ್ಕದ ಸರಪಳಿ ಕಡಿಯುತ್ತದೆ,
ಕಡಿದ ತುದಿ ಕೈಗೆ ಸಿಕ್ಕ ನೆರೆಯವನನ್ನು ತಬ್ಬುತ್ತದೆ,
ಹೈಡ್ರೋಜನ್ ಮಾತ್ರ ಯಾರಿಗೂ ಹೇಳದೆ ಹೊರಟುಬಿಡುತ್ತದೆ.

ಮೊದಲ ಹಾಳೆಗಳು ಗಟ್ಟಿಯಾಗಿ ಬಂದವು.
ಹೆಚ್ಚು ಹೊತ್ತು ನಿಂತವು ಜೇನಿನ ಬಣ್ಣಕ್ಕೆ,
ಇನ್ನೂ ನಿಂತವು ಬೆಲ್ಲದ ಚಹಾ ಬಣ್ಣಕ್ಕೆ ತಿರುಗಿ
ಎಂಟನೆಯದು ಚಿಮಟದಲ್ಲೇ ಪುಡಿ.
ಮನೆಗೆ ಬಂದು ಅಮ್ಮಿಗೆ ವಿವರಿಸಲು ಹೊರಟೆ,
ಅವಳು ಬಾಣಲೆಯ ಆವಿಯಿಂದ ಮುಖವೆತ್ತದೆ ಅಂದಳು:
"ಎಳೆ ತುಂಡಾದ್ರೆ ಗಂಟು ಹಾಕೋಳು ಒಬ್ಬಳಿದ್ರೆ ಚರಕ ನಡೀತದೆ.
ಗಂಟಿಗಿಂತ ತುಂಡು ಜಾಸ್ತಿ ಆಯ್ತಾ, ಒಲೆ ಆರಿಸು."
ನನ್ನ ಐದನೇ ಅಧ್ಯಾಯ ಅದು.
ಇಪ್ಪತ್ತೆಂಟು ಪುಟ, ಹನ್ನೊಂದು ಗ್ರಾಫ್.

ನಾಲ್ಕನೆಯದರ ಮೇಲೆ ಮಾತ್ರ ಒಂದು ಕಲೆ.
ಸುತ್ತ ಜೇನು, ನಡುವೆ ಒಂದು ಛಾಯೆ ಗಾಢ, ಮೊಟ್ಟೆಯಾಕಾರ.
ಬೆರಳ ಜಿಡ್ಡು ಅಯಾನನ್ನು ತಡೆಯಲಾರದು,
ಹೋಗುವಾಗ ಅದನ್ನೂ ಸುಟ್ಟು ಹೋಗಿದೆ ಅಷ್ಟೆ.
ಸೂಕ್ಷ್ಮದರ್ಶಕದ ಕೆಳಗಿಟ್ಟು ಗೆರೆ ಹುಡುಕಿದೆ,
ಸುಳಿ, ಬಳೆ, ಕವಲು, ಏನಾದರೂ.
ನುಣುಪು.
ಮೂವತ್ತು ವರ್ಷ ಕುದಿನೀರಿನಲ್ಲಿ ಎಳೆಯ ತುದಿ ಹುಡುಕಿದ ಬೆರಳು.

ರೇಷನ್ ಅಂಗಡಿಯ ಪಿಳ್ಳಪ್ಪ ಪ್ರತಿ ತಿಂಗಳೂ
ಯಂತ್ರವನ್ನು ಅಂಗಿಗೆ ಒರೆಸಿ, ಅಮ್ಮಿಯ ಬೆರಳನ್ನೂ ಒರೆಸಿ,
ಬಲ, ಎಡ, ಇನ್ನೊಂದ್ಸಲ ಒತ್ತಮ್ಮ, ಎಂದು ಸೋತು
ಕೊನೆಗೆ ನನ್ನ ಮೊಬೈಲಿಗೆ ಓಟಿಪಿ ಕಳಿಸುತ್ತಾನೆ.
ಅವಳೇ ಅವಳೆಂದು ಒಪ್ಪದ ಗಾಜು.

ಕೋಷ್ಟಕದಲ್ಲಿ ಮೂರರ ನಂತರ ಐದು.
ಯಾಕೆಂದು ಮಾರ್ಗದರ್ಶಕರು ಕೇಳಿದರು.
ಕಲುಷಿತವಾಯಿತು ಸರ್, ಅಂದೆ.
ಬಾಯಲ್ಲಿ ಆ ಪದ ಎರಡು ದಿನ ಕಹಿ.

ರಾತ್ರಿ ಹಾಳೆಯನ್ನು ಅವಳ ಅಂಗೈಗಿಟ್ಟೆ.
ಬಲ್ಬಿಗೆ ಹಿಡಿದಳು, ತಿರುಗಿಸಿದಳು,
ಕಲೆಯ ಮೇಲೆ ಹೆಬ್ಬೆರಳಿಟ್ಟಳು, ಸರಿಯಾಗಿ ಕೂತಿತು.
ಏನಾದರೂ ಹೇಳುವಳೆಂದು ಕಾದೆ.
ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿ
"ಗಟ್ಟಿ ಐತೆ" ಅಂದಳು,
ಬಾಣಲೆಯ ಕಡೆ ಹೋದಳು.